ಗುಳೆ ಬಂದ ಹಕ್ಕಿಗಳ ಮುಪ್ಪು

ಕಳೆದ ಜನವರಿಯ ಒಂದು ಬೆಳಗ್ಗೆ, ಗದಗ ಜಿಲ್ಲೆಯ ಮಾಗಡಿ ಕೆರೆಯ ಏರಿಯ ಮೇಲೆ ನಿಂತು ಹೆಬ್ಬಾತುಗಳನ್ನು ಎಣಿಸುತ್ತಿದ್ದಾಗ, ಪಕ್ಕದ ಹೊಲದ ಅಜ್ಜ ಒಬ್ಬರು ಬಂದು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದು, ಆಮೇಲೆ ಕೇಳಿದ ಪ್ರಶ್ನೆ ಈ ಬರಹಕ್ಕೆ ಕಾರಣ. "ಮಾಸ್ತರ, ಇವು ಹಿಮಾಲಯ ದಾಟಿ ಗುಳೇ ಬರ್ತಾವಂತ. ನಮ್ಮ ಮಂದಿ ಗೋವಾಕ್ಕ ಗುಳೇ ಹೋಗಿ ಹತ್ತ ವರ್ಷದಾಗ ಮುದುಕರಾಗಿ ಬರ್ತಾರ. ಇವಕ್ಕ ಮುಪ್ಪು ಜಲ್ದಿ ಬರೂದಿಲ್ಲೇನ್ರಿ?"

ನಾನು ವಿಜ್ಞಾನ ಕಲಿಸುವವನು. ಆದರೂ ಆ ಕ್ಷಣಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. "ನೋಡಿ ಹೇಳ್ತೇನ್ರಿ ಅಜ್ಜಾರ" ಎಂದು ಹೇಳಿ ಮನೆಗೆ ಬಂದೆ. ಆಮೇಲಿನ ಹಲವು ವಾರ ಸಿಕ್ಕಷ್ಟು ಅಧ್ಯಯನಗಳನ್ನು ಓದಿದಾಗ ಅಜ್ಜನ ಪ್ರಶ್ನೆ ಎಷ್ಟು ಸರಿಯಾದ ಜಾಗಕ್ಕೆ ಕೈಹಾಕಿದೆ ಎಂಬುದು ತಿಳಿಯಿತು. ದೂರ ಹಾರುವುದರಿಂದ ಹಕ್ಕಿಯ ದೇಹ ಸವೆಯುತ್ತದೆಯೇ, ಒತ್ತಡ ಅದರ ಆಯುಷ್ಯವನ್ನು ತಿನ್ನುತ್ತದೆಯೇ ಎಂಬುದು ಕಳೆದ ಎರಡು ದಶಕಗಳಿಂದ ಪಕ್ಷಿ ಶರೀರಶಾಸ್ತ್ರದಲ್ಲಿ ಗಂಭೀರವಾಗಿ ನಡೆಯುತ್ತಿರುವ ಹುಡುಕಾಟ.

ಮೊದಲು ಹಕ್ಕಿಯ ಪರಿಚಯ. ಬಿಳಿಯ ತಲೆಯ ಹಿಂಬದಿಗೆ ಎರಡು ಕಪ್ಪು ಗೀರುಗಳನ್ನು ಹೊತ್ತ ಈ ಪಟ್ಟೆ ತಲೆಯ ಹೆಬ್ಬಾತುಗಳು ಬೇಸಿಗೆಯನ್ನು ಮಂಗೋಲಿಯ, ಟಿಬೆಟ್ ಪ್ರಸ್ಥಭೂಮಿ ಮುಂತಾದ ಕಡೆಗಳಲ್ಲಿ ಮರಿ ಮಾಡುತ್ತಾ ಕಳೆದು, ಚಳಿಗಾಲಕ್ಕೆ ಭಾರತಕ್ಕೆ ಇಳಿಯುತ್ತವೆ. ಮಂಗೋಲಿಯದಲ್ಲಿ ಕುತ್ತಿಗೆಗೆ ಪಟ್ಟಿ ತೊಡಿಸಿ ಬಿಟ್ಟ ಹಕ್ಕಿಗಳು ನಮ್ಮ ರಾಜ್ಯದ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ಶಿರಹಟ್ಟಿ ಸೀಮೆಯ ಮಾಗಡಿ ಕೆರೆ ನೀರಾವರಿಗೆಂದು ಜನ ಕಟ್ಟಿಕೊಂಡದ್ದು, ಸುಮಾರು 50 ಹೆಕ್ಟೇರಿನಷ್ಟೇ ವಿಸ್ತಾರದ್ದು. ಆದರೂ ದಕ್ಷಿಣ ಭಾರತದಲ್ಲಿ ಈ ಹಕ್ಕಿಗಳು ಚಳಿಗಾಲ ಕಳೆಯುವ ಅತಿ ದೊಡ್ಡ ತಾಣಗಳಲ್ಲಿ ಅದೂ ಒಂದು. 2024ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗುನೆಲೆಗಳ ರಾಮ್ಸಾರ್ ಪಟ್ಟಿಗೆ ಸೇರಿತು. ನವೆಂಬರಿನಲ್ಲಿ ಬರುವ ಹಿಂಡುಗಳು ಮಾರ್ಚ್ ಹೊತ್ತಿಗೆ ಖಾಲಿಯಾಗುತ್ತವೆ.

ಇವುಗಳ ಹಾರಾಟದ ಬಗ್ಗೆ ಉಪಗ್ರಹದ ಮೂಲಕ ನಡೆದ ಅಧ್ಯಯನಗಳು ಹೇಳುವುದನ್ನು ಓದಿದಾಗ, ಅಜ್ಜನ ಅನುಮಾನವೇ ಸರಿಯೇನೋ ಎನಿಸುತ್ತದೆ. ಹಿಮಾಲಯದ ತಪ್ಪಲಿನಿಂದ ಟಿಬೆಟ್‌ನ ಮೇಲ್ಮಟ್ಟಕ್ಕೆ ಏರುವ ದಾರಿಯನ್ನು ಇವು ಏಳೆಂಟು ಗಂಟೆಗಳಲ್ಲಿ, ಬೆನ್ನಿಗೆ ಗಾಳಿಯ ಸಹಾಯವನ್ನೂ ಕಾಯದೆ, ರೆಕ್ಕೆ ಬಡಿದೇ ಮುಗಿಸುತ್ತವೆ. ಗಾಳಿ ತಂಪಾಗಿ ದಟ್ಟವಾಗಿರುವ ರಾತ್ರಿ ಮತ್ತು ನಸುಕಿನ ಹೊತ್ತನ್ನೇ ಹೆಚ್ಚಾಗಿ ಆರಿಸಿಕೊಳ್ಳುತ್ತವೆ. ಒಂದು ಹಕ್ಕಿ 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಅಷ್ಟು ಎತ್ತರದಲ್ಲಿ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧಕ್ಕಿಂತಲೂ ಕಡಿಮೆ. ಹೃದಯಬಡಿತವನ್ನು ಅಳೆಯುವ ಪುಟ್ಟ ಉಪಕರಣಗಳನ್ನು ದೇಹದೊಳಗೆ ಇಟ್ಟು ನಡೆಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಈ ಹೆಬ್ಬಾತುಗಳು ಒಮ್ಮೆ ಮೇಲೇರಿದ ಮೇಲೆ ಅದೇ ಎತ್ತರವನ್ನು ಕಾಯ್ದುಕೊಂಡು ಹೋಗುವುದಿಲ್ಲ, ಬೆಟ್ಟ ಏರಿದಲ್ಲಿ ಏರಿ, ಕಣಿವೆ ಇಳಿದಲ್ಲಿ ಇಳಿದು, ನೆಲವನ್ನು ಅನುಸರಿಸಿಯೇ ಸಾಗುತ್ತವೆ ಎಂದು ಅದು ತೋರಿಸಿತು. ಪಡೆದ ಎತ್ತರವನ್ನು ಮತ್ತೆ ಮತ್ತೆ ಕಳೆದುಕೊಂಡು ಏರುವುದು ನಷ್ಟವೆಂದು ನಮಗೆ ತೋರಿದರೂ, ತೆಳುವಾದ ಗಾಳಿಯಲ್ಲಿ ರೆಕ್ಕೆ ಬಡಿಯುವ ಖರ್ಚು ಎಷ್ಟು ದೊಡ್ಡದೆಂದರೆ, ಹಕ್ಕಿಗೆ ಇಳಿದು ಏರುವುದೇ ಲಾಭ.

ಈ ಲೆಕ್ಕಾಚಾರಕ್ಕೆ ತಕ್ಕ ದೇಹವೂ ಅದಕ್ಕಿದೆ. ಅದರ ಹಿಮೋಗ್ಲೋಬಿನ್ ಬಯಲುಸೀಮೆಯ ಹೆಬ್ಬಾತುಗಳ ಹಿಮೋಗ್ಲೋಬಿನ್‌ಗಿಂತ ಹೆಚ್ಚು ಗಟ್ಟಿಯಾಗಿ ಆಮ್ಲಜನಕವನ್ನು ಹಿಡಿದುಕೊಳ್ಳುತ್ತದೆ. ಹಾರುವ ಸ್ನಾಯುವಿನಲ್ಲಿ ಸೂಕ್ಷ್ಮ ರಕ್ತನಾಳಗಳ ಜಾಲ ದಟ್ಟವಾಗಿದೆ. ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳು ಕೂಡ ರಕ್ತನಾಳದ ಸಮೀಪಕ್ಕೆ, ಕೋಶದ ಅಂಚಿಗೆ ಸರಿದು ಕುಳಿತಿವೆ. ಅಂದರೆ ಅಜ್ಜನ ಊರಿನ ಕೂಲಿಕಾರನಿಗೂ ಈ ಹಕ್ಕಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಮನುಷ್ಯ ಗುಳೆ ಹೋಗುವುದು ಬೇರೆ ದಾರಿಯಿಲ್ಲದೆ, ಸಿದ್ಧತೆಯಿಲ್ಲದೆ. ಹಕ್ಕಿಯ ದೇಹ ಈ ಪಯಣಕ್ಕಾಗಿಯೇ ರೂಪುಗೊಂಡಿದೆ.

ಆ ಸಿದ್ಧತೆಯ ಆಳವನ್ನು ನನಗೆ ಮನವರಿಕೆ ಮಾಡಿಕೊಟ್ಟದ್ದು ಹೆಬ್ಬಾತಲ್ಲ, ಪಟ್ಟೆಬಾಲದ ಗಾಡ್‌ವಿಟ್ ಎಂಬ ಕಡಲತಡಿಯ ಹಕ್ಕಿ. ಅಲಾಸ್ಕದಿಂದ ಹೊರಟು ಪೆಸಿಫಿಕ್ ಸಾಗರವನ್ನು ಉತ್ತರದಿಂದ ದಕ್ಷಿಣಕ್ಕೆ ಒಂದೇ ಹಾರಿಗೆಯಲ್ಲಿ ದಾಟುವ ಹಕ್ಕಿ ಅದು. 2022ರಲ್ಲಿ, ಹುಟ್ಟಿ ಕೇವಲ ಐದು ತಿಂಗಳಾಗಿದ್ದ ಮರಿಯೊಂದು ಅಲಾಸ್ಕದಿಂದ ಟಾಸ್ಮೇನಿಯದವರೆಗಿನ 13,560 ಕಿಲೋಮೀಟರನ್ನು ಹನ್ನೊಂದು ದಿನಗಳಲ್ಲಿ, ಎಲ್ಲಿಯೂ ಇಳಿಯದೆ ಹಾರಿತು. ಆ ಅವಧಿಯಲ್ಲಿ ಒಂದು ಗುಟುಕು ನೀರೂ ಇಲ್ಲ, ಒಂದು ಹುಳುವೂ ಇಲ್ಲ. ಹಲವು ವರ್ಷಗಳ ಹಿಂದೆ, ಪಯಣಕ್ಕೆ ಹೊರಟ ಕೆಲವು ಎಳೆಯ ಗಾಡ್‌ವಿಟ್‌ಗಳು ಅಲಾಸ್ಕದ ರೇಡಾರ್ ಗುಮ್ಮಟವೊಂದಕ್ಕೆ ಬಡಿದು ಸತ್ತುಬಿದ್ದಿದ್ದವು. ಅವುಗಳನ್ನು ಸೀಳಿ ನೋಡಿದ ವಿಜ್ಞಾನಿಗಳು 1998ರಲ್ಲಿ ಬರೆದ ವಿವರ ಇದು. ಆ ಹಕ್ಕಿಗಳ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಬರಿಯ ಕೊಬ್ಬಾಗಿತ್ತು. ಅವುಗಳ ಜಠರ, ಕರುಳು, ಯಕೃತ್ತು, ಮೂತ್ರಪಿಂಡಗಳು ಮಾತ್ರ ತೀರ ಚಿಕ್ಕದಾಗಿದ್ದವು. ದಾರಿಯಲ್ಲಿ ಉಣ್ಣಲು ಏನೂ ಸಿಗದು ಎಂದಾದಾಗ ಅರಗಿಸುವ ಅಂಗಗಳ ಭಾರವನ್ನೇಕೆ ಹೊರಬೇಕು? ಅವನ್ನು ಕುಗ್ಗಿಸಿ, ಆ ತೂಕದ ಜಾಗದಲ್ಲಿ ಇಂಧನ ತುಂಬಿಕೊಂಡು ಹೊರಟಿದ್ದವು. ತಲುಪಿದ ಮೇಲೆ ಅಂಗಗಳು ಮತ್ತೆ ಬೆಳೆಯಬೇಕು. ಮೊದಲ ದಿನಗಳಲ್ಲಿ ಆಹಾರ ಎದುರಿಗಿದ್ದರೂ ಅದನ್ನು ಪೂರ್ತಿ ಅರಗಿಸಿಕೊಳ್ಳುವ ಶಕ್ತಿ ಹಕ್ಕಿಗೆ ಇರುವುದಿಲ್ಲ.

ಈ ಕೊನೆಯ ಮಾತಿನ ಮೇಲೆ ನಾನು ಹಲವು ದಿನ ಯೋಚಿಸಿದ್ದೇನೆ. ಬಂದಿಳಿದ ಹಕ್ಕಿ ಕೆರೆಯ ನಡುವೆ ಸುಮ್ಮನೆ ಕುಳಿತಿರುವುದನ್ನು ನಾವು ದಂಡೆಯಿಂದ ನೋಡಿ, ಅದು ಏನೂ ಮಾಡುತ್ತಿಲ್ಲ ಎಂದುಕೊಳ್ಳುತ್ತೇವೆ. ಹೊರಗೆ ಕಾಣದಂತೆ ಅದರ ಒಳಗೆ ರಿಪೇರಿಯ ದೊಡ್ಡ ಕೆಲಸ ನಡೆಯುತ್ತಿರುತ್ತದೆ.

ಇನ್ನು ಒತ್ತಡದ ಮಾತು. ಹಕ್ಕಿಗೆ ಅಪಾಯ ಎದುರಾದಾಗ ಮಿದುಳಿನ ಹೈಪೊಥಲಾಮಸ್ ಪಿಟ್ಯುಟರಿ ಗ್ರಂಥಿಗೆ, ಪಿಟ್ಯುಟರಿ ಮೂತ್ರಪಿಂಡದ ಬಳಿಯ ಅಡ್ರಿನಲ್ ಗ್ರಂಥಿಗೆ ಸುದ್ದಿ ಮುಟ್ಟಿಸುತ್ತದೆ, ಅಲ್ಲಿಂದ ಕಾರ್ಟಿಕೊಸ್ಟೆರೋನ್ ಎಂಬ ಹಾರ್ಮೋನು ರಕ್ತಕ್ಕೆ ಇಳಿಯುತ್ತದೆ. ನಮ್ಮಲ್ಲಿ ಕಾರ್ಟಿಸಾಲ್ ಮಾಡುವ ಕೆಲಸವನ್ನು ಹಕ್ಕಿಗಳಲ್ಲಿ ಇದು ಮಾಡುತ್ತದೆ. ಎಷ್ಟು ಬೇಗ ಇಳಿಯುತ್ತದೆ ಎಂಬುದಕ್ಕೆ ಕ್ಷೇತ್ರಕಾರ್ಯ ಮಾಡುವವರ ಒಂದು ನಿಯಮವೇ ಸಾಕ್ಷಿ: ಬಲೆಗೆ ಬಿದ್ದ ಹಕ್ಕಿಯಿಂದ ಮೂರು ನಿಮಿಷದೊಳಗೆ ರಕ್ತದ ಹನಿಯನ್ನು ತೆಗೆದರೆ ಮಾತ್ರ ಅದರ ಸಹಜ ಸ್ಥಿತಿಯ ಪ್ರಮಾಣ ಸಿಗುತ್ತದೆ. ಅದಕ್ಕಿಂತ ತಡವಾದರೆ ರಕ್ತದಲ್ಲಿ ಸಿಗುವುದು ನಮ್ಮ ಕೈಗೆ ಸಿಕ್ಕಿದ ಭಯದ ಅಳತೆ.

ಈ ಹಾರ್ಮೋನನ್ನು ವಿಷವೆಂದು ತಿಳಿಯುವುದು ತಪ್ಪು. ವಲಸೆಗೆ ಮುಂಚೆ ಹಲವು ಹಕ್ಕಿಗಳಲ್ಲಿ ಅದರ ಪ್ರಮಾಣ ಮಿತವಾಗಿ ಏರುತ್ತದೆ, ಆ ಏರಿಕೆ ಹಸಿವನ್ನು ಹೆಚ್ಚಿಸಿ ಕೊಬ್ಬು ಕೂಡಿಡಲು ನೆರವಾಗುತ್ತದೆ. ಬಿರುಗಾಳಿಯೋ ಹಠಾತ್ ಹಿಮವೋ ಬಂದಾಗ, ಗೂಡು ಕಟ್ಟುವುದು, ಹಾಡುವುದು, ಗಡಿ ಕಾಯುವುದು ಇವೆಲ್ಲವನ್ನೂ ಬದಿಗಿಟ್ಟು ಬದುಕುಳಿಯುವುದೊಂದರ ಕಡೆಗೇ ದೇಹವನ್ನು ತಿರುಗಿಸುವುದೂ ಇದೇ. ಹಕ್ಕಿಗಳ ಹಾರ್ಮೋನುಗಳನ್ನು ಅಧ್ಯಯನ ಮಾಡಿದ ವಿಜ್ಞಾನಿ ಜಾನ್ ವಿಂಗ್‌ಫೀಲ್ಡ್ ಅವರು ಹಕ್ಕಿಗಳಲ್ಲಿ ಇದನ್ನು ಬದುಕಿನ ಒಂದು ತುರ್ತು ಘಟ್ಟವೆಂದೇ ಗುರುತಿಸಿದರು. ತೊಂದರೆ ಇರುವುದು ತುರ್ತು ಮುಗಿಯದೇ ಹೋದಾಗ. ದಿನವೂ, ವಾರವೂ ಹಾರ್ಮೋನಿನ ಮಟ್ಟ ಮೇಲೆಯೇ ಉಳಿದರೆ ಸ್ನಾಯುವಿನ ಪ್ರೋಟೀನು ಕರಗಲು ತೊಡಗುತ್ತದೆ, ರೋಗನಿರೋಧಕ ಶಕ್ತಿ ಕುಂದುತ್ತದೆ, ಸಂತಾನಕ್ಕೆ ಮೀಸಲಾದ ಶಕ್ತಿ ಅಲ್ಲಿಗೆ ಮುಟ್ಟುವುದಿಲ್ಲ.

ಮುಪ್ಪನ್ನು ಅಳೆಯುವುದು ಹೇಗೆ? ಹಕ್ಕಿಗೆ ನರೆಗೂದಲಿಲ್ಲ, ಸುಕ್ಕಿಲ್ಲ. ಕಾಡಿನ ಹಕ್ಕಿಯನ್ನು ನೋಡಿ ಅದಕ್ಕೆ ಮೂರು ವರ್ಷವೋ ಹದಿಮೂರೋ ಎಂದು ಹೇಳುವುದು ಬಹಳ ಜಾತಿಗಳಲ್ಲಿ ಅಸಾಧ್ಯ. ಇಲ್ಲಿ ಸಹಾಯಕ್ಕೆ ಬಂದದ್ದು ಟೆಲೊಮಿಯರ್. ನಮ್ಮ ಕಡೆ ಕೌದಿ ಹೊಲಿಯುವ ಅಜ್ಜಿಯರು ದಾರದ ತುದಿ ಬಿಚ್ಚದಿರಲೆಂದು ಗಂಟು ಹಾಕುವಂತೆ, ಜೀವಕೋಶದ ಪ್ರತಿ ವರ್ಣತಂತುವಿನ ಎರಡೂ ತುದಿಗಳಲ್ಲಿ ಒಂದೇ ಅಕ್ಷರಮಾಲೆ ಸಾವಿರಾರು ಸಲ ಮರುಕಳಿಸಿದ ಡಿಎನ್‌ಎ ತುಣುಕು ಇರುತ್ತದೆ. ಕೋಶ ಪ್ರತಿ ಬಾರಿ ಒಡೆದು ಎರಡಾದಾಗಲೂ ಈ ತುದಿ ಸ್ವಲ್ಪ ಕಿರಿದಾಗುತ್ತದೆ. ತೀರ ಕಿರಿದಾದ ಮೇಲೆ ಕೋಶ ವಿಭಜನೆ ನಿಲ್ಲಿಸುತ್ತದೆ. ಈ ತುದಿಗಳು ವರ್ಣತಂತುವನ್ನು ಕಾಪಾಡುವ ರೀತಿಯನ್ನೂ, ಅವನ್ನು ಕಟ್ಟುವ ಟೆಲೊಮರೇಸ್ ಎಂಬ ಕಿಣ್ವವನ್ನೂ ಕಂಡುಹಿಡಿದದ್ದಕ್ಕಾಗಿ ಎಲಿಜಬೆತ್ ಬ್ಲ್ಯಾಕ್‌ಬರ್ನ್, ಕೆರಲ್ ಗ್ರೈಡರ್ ಮತ್ತು ಜ್ಯಾಕ್ ಶೋಸ್ಟಾಕ್ ಅವರಿಗೆ 2009ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು.

ಹಕ್ಕಿಗಳನ್ನು ಅಧ್ಯಯನ ಮಾಡುವವರಿಗೆ ಪ್ರಕೃತಿ ಒಂದು ಉಪಕಾರ ಮಾಡಿದೆ. ಮನುಷ್ಯನ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರವಿಲ್ಲ, ಹಾಗಾಗಿ ಅದರಲ್ಲಿ ವರ್ಣತಂತುವೂ ಇಲ್ಲ. ಹಕ್ಕಿಯ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರವಿದೆ. ರೆಕ್ಕೆಯ ಕೆಳಗಿನ ನಾಳದಿಂದ ತೆಗೆದ ಒಂದೇ ಹನಿ ರಕ್ತದಲ್ಲಿ ಟೆಲೊಮಿಯರ್ ಅಳೆಯಲು ಬೇಕಾದಷ್ಟು ಡಿಎನ್‌ಎ ಸಿಗುತ್ತದೆ. ಹಕ್ಕಿಯನ್ನು ಬಿಟ್ಟು, ಮರುವರ್ಷ ಅದೇ ಹಕ್ಕಿ ಮರಳಿ ಸಿಕ್ಕಾಗ ಮತ್ತೊಂದು ಹನಿ ತೆಗೆದರೆ, ಆ ಒಂದು ವರ್ಷ ಅದರ ದೇಹವನ್ನು ಎಷ್ಟು ಸವೆಸಿತು ಎಂಬುದರ ಒಂದು ಅಂದಾಜು ಸಿಕ್ಕಂತೆ. ಗ್ಲಾಸ್ಗೋದಲ್ಲಿ 99 ಝೀಬ್ರಾ ಫಿಂಚ್‌ಗಳನ್ನು ಮರಿಯಾಗಿದ್ದಾಗಿನಿಂದ ಸಾಯುವವರೆಗೂ ಹೀಗೆ ಅಳೆದು ನೋಡಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಹುಟ್ಟಿ 25 ದಿನಗಳಾದಾಗಿನ ಟೆಲೊಮಿಯರ್ ಉದ್ದವೇ ಆ ಹಕ್ಕಿ ಎಷ್ಟು ಕಾಲ ಬದುಕುತ್ತದೆ ಎಂಬುದನ್ನು ಉಳಿದೆಲ್ಲ ವಯಸ್ಸಿನ ಅಳತೆಗಳಿಗಿಂತ ಚೆನ್ನಾಗಿ ಸೂಚಿಸಿತು. ಟೆಲೊಮಿಯರ್ ಕಿರಿದಾಗುವುದೇ ಮುಪ್ಪಿಗೆ ಕಾರಣವೋ, ಮುಪ್ಪಿನ ಗುರುತು ಮಾತ್ರವೋ ಎಂಬ ವಾದ ಮುಗಿದಿಲ್ಲ. ಗಡಿಯಾರದ ಮುಳ್ಳು ಹೊತ್ತನ್ನು ಓಡಿಸುವುದಿಲ್ಲ, ತೋರಿಸುತ್ತದೆ. ಇಲ್ಲಿಯೂ ಅಷ್ಟನ್ನೇ ಹೇಳುವುದು ಸದ್ಯಕ್ಕೆ ಕ್ಷೇಮ.

ಈ ಗಡಿಯಾರವನ್ನು ವಲಸೆಯ ಪಕ್ಕದಲ್ಲಿಟ್ಟು ನೋಡಿದ ಒಂದು ಸರಳ ಹೋಲಿಕೆ ಉತ್ತರ ಅಮೆರಿಕದ ಜುಂಕೊ ಎಂಬ ಪುಟ್ಟ ಹಕ್ಕಿಯದು. ಆ ಒಂದೇ ಜಾತಿಯಲ್ಲಿ ವಲಸೆ ಹೋಗುವ ಬಳಗವೂ ಇದೆ, ಇದ್ದಲ್ಲೇ ಇರುವ ಬಳಗವೂ ಇದೆ. 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಲಸೆ ಹೋಗುವ ಬಳಗದ ಟೆಲೊಮಿಯರ್‌ಗಳು ಕಿರಿದಾಗಿದ್ದವು. ಹಾರುವಾಗ ಸ್ನಾಯು ಗಂಟೆಗಟ್ಟಲೆ ಕೊಬ್ಬನ್ನು ಸುಡುತ್ತಿರುತ್ತದೆ, ಆ ಉರಿಯಿಂದ ಹೊರಬೀಳುವ, ಆಮ್ಲಜನಕದ ಚುರುಕು ರೂಪಗಳು ಪ್ರೋಟೀನು, ಕೊಬ್ಬು, ಡಿಎನ್‌ಎಗಳಿಗೆ ತಾಗಿ ಹಾನಿ ಮಾಡುತ್ತವೆ. ಇಂಥ ಹಾನಿಗೆ ಟೆಲೊಮಿಯರ್ ವಿಶೇಷವಾಗಿ ಬೇಗ ಈಡಾಗುತ್ತದೆ. ಯುರೋಪಿನ ರಾಬಿನ್‌ಗಳನ್ನು ರಾತ್ರಿಯ ಹಾರಾಟದ ನಡುವೆಯೇ ಹಿಡಿದು ನೋಡಿದಾಗ, ವಿಶ್ರಾಂತಿಯಲ್ಲಿದ್ದ ಹಕ್ಕಿಗಳಿಗಿಂತ ಅವುಗಳ ರಕ್ತದಲ್ಲಿ ಹಾನಿಯ ಗುರುತುಗಳೂ ಹೆಚ್ಚಿದ್ದವು, ಆ ಹಾನಿಯನ್ನು ತಡೆಯುವ ಕಿಣ್ವವೂ ಹೆಚ್ಚಿತ್ತು. ಉರಿ ಹೆಚ್ಚಿದಂತೆ ದೇಹ ನೀರೂ ಹೊತ್ತು ತರುತ್ತದೆ.

ಇಷ್ಟರ ಮೇಲೆ ಅಜ್ಜನಿಗೆ "ಹೌದ್ರಿ, ಜಲ್ದಿ ಬರ್ತದ" ಎಂದು ಹೇಳಿಬಿಡಬಹುದಿತ್ತು. ಆದರೆ ಅದು ಅರ್ಧ ಸತ್ಯವಾಗುತ್ತಿತ್ತು. ಒಟ್ಟಾರೆ ಹಕ್ಕಿಗಳೇ ಮುಪ್ಪಿನ ಲೆಕ್ಕವನ್ನು ಕೆಡಿಸುವ ಜೀವಿಗಳು. ಅವುಗಳ ಮೈಬಿಸಿ 40ರಿಂದ 42 ಡಿಗ್ರಿ ಸೆಲ್ಸಿಯಸ್. ರಕ್ತದ ಸಕ್ಕರೆಯ ಪ್ರಮಾಣ ನಮ್ಮ ವೈದ್ಯರು ನೋಡಿದರೆ ಗಾಬರಿಯಾಗುವಷ್ಟು. ಇಷ್ಟಿದ್ದೂ ಅದೇ ಗಾತ್ರದ ಸಸ್ತನಿಗಿಂತ ಅವು ಬಹಳ ಹೆಚ್ಚು ಬದುಕುತ್ತವೆ: ಇಲಿಗೆ ಮೂರು-ನಾಲ್ಕು ವರ್ಷವಾದರೆ, ಹೆಚ್ಚುಕಡಿಮೆ ಅದೇ ತೂಕದ ಪಾರಿವಾಳ ಸಾಕಿದಲ್ಲಿ ಮೂವತ್ತು ದಾಟಿದ್ದುಂಟು. ಅತಿ ದೂರ ಹಾರುವವುಗಳೇ ಅಲ್ಪಾಯುಷಿಗಳು ಎಂಬುದೂ ನಿಲ್ಲುವುದಿಲ್ಲ. ಧ್ರುವದಿಂದ ಧ್ರುವಕ್ಕೆ ಹಾರುವ ಆರ್ಕ್ಟಿಕ್ ರೀವ ಎಂಬ ಕಡಲಹಕ್ಕಿಗಳು ಮೂವತ್ತು ವರ್ಷ ಬದುಕಿದ ದಾಖಲೆಗಳಿವೆ. ದಕ್ಷಿಣ ಅಮೆರಿಕದ ತುತ್ತತುದಿಯಲ್ಲಿ 1995ರಲ್ಲಿ ಉಂಗುರ ತೊಡಿಸಿದ, ಬಿ95 ಎಂಬ ಗುರುತಿನ ಕೆಂಪು ನಾಟ್ ಹಕ್ಕಿ ಕನಿಷ್ಠ ಇಪ್ಪತ್ತು ವರ್ಷ ಬದುಕಿತು. ಆ ಅವಧಿಯಲ್ಲಿ ಅದು ಹಾರಿದ ದೂರ ಭೂಮಿಯಿಂದ ಚಂದ್ರನಿಗಿರುವ ದೂರವನ್ನು ಮೀರುತ್ತದೆ. ಅದರ ತೂಕ ಒಂದು ಮಾವಿನಹಣ್ಣಿನಷ್ಟಿತ್ತು.

ಹಾಗಾದರೆ ಒಂದು ಹಕ್ಕಿ ಸವೆಯುವುದಕ್ಕೂ ಇನ್ನೊಂದು ಉಳಿಯುವುದಕ್ಕೂ ವ್ಯತ್ಯಾಸ ಎಲ್ಲಿದೆ? ನನಗೆ ಇದರ ಅತ್ಯಂತ ಸ್ಪಷ್ಟ ಉತ್ತರ ಸಿಕ್ಕಿದ್ದು ಜಮೈಕಾ ದ್ವೀಪದಲ್ಲಿ ನಡೆದ ಕೆಲಸದಲ್ಲಿ. ಅಮೆರಿಕದ ರೆಡ್‌ಸ್ಟಾರ್ಟ್ ಎಂಬ, ಎಂಟು ಗ್ರಾಂ ಆಸುಪಾಸು ತೂಗುವ, ಹುಳು ತಿನ್ನುವ ಹಕ್ಕಿ ಉತ್ತರ ಅಮೆರಿಕದ ಕಾಡುಗಳಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ಕೆರಿಬಿಯನ್ ದ್ವೀಪಗಳಿಗೆ ಬರುತ್ತದೆ. ಅಲ್ಲಿ ಎರಡು ಬಗೆಯ ನೆಲೆಗಳಿವೆ. ಒಂದು ಮ್ಯಾಂಗ್ರೋವ್ ಕಾಡು: ನೀರು, ನೆರಳು, ಚಳಿಗಾಲದುದ್ದಕ್ಕೂ ಹುಳುಹುಪ್ಪಟೆ. ಇನ್ನೊಂದು ಕುರುಚಲು ಕಾಡು: ಮಳೆ ನಿಂತ ಮೇಲೆ ಒಣಗಿ, ಮಾರ್ಚ್ ಹೊತ್ತಿಗೆ ಬೋಳಾಗುವಂಥದ್ದು. ಬಲಿತ ಗಂಡುಗಳು ಮೊದಲೇ ಮ್ಯಾಂಗ್ರೋವನ್ನು ಹಿಡಿದುಕೊಂಡು, ಹೆಣ್ಣುಗಳನ್ನೂ ಎಳೆಯವನ್ನೂ ಬಹುಪಾಲು ಕುರುಚಲಿಗೆ ದೂಡುತ್ತವೆ. ಒಂದೇ ದ್ವೀಪ, ಒಂದೇ ಚಳಿಗಾಲ, ಸುಮಾರು ಅಷ್ಟೇ ದೂರದ ಪಯಣ. ಬೇರೆಯಾಗಿರುವುದು ಇಳಿದ ಜಾಗ ಮಾತ್ರ.

ಪೀಟರ್ ಮರ್ರಾ ಮತ್ತು ಜೊತೆಗಾರರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಳಿಗಾಲದ ಆರಂಭದಲ್ಲಿ ಎರಡೂ ಕಡೆಯ ಹಕ್ಕಿಗಳ ಕಾರ್ಟಿಕೊಸ್ಟೆರೋನ್ ಹೆಚ್ಚು ಬೇರೆಯಾಗಿರಲಿಲ್ಲ. ಹಿಂದಿರುಗುವ ಹೊತ್ತಿಗೆ ಕುರುಚಲಿನವುಗಳಲ್ಲಿ ಸಹಜ ಮಟ್ಟವೇ ಮೇಲೇರಿತ್ತು. ಅಷ್ಟೇ ಆಗಿದ್ದರೆ ಅರ್ಥಮಾಡಿಕೊಳ್ಳಬಹುದಿತ್ತು. ಅದರ ಜೊತೆಗೆ, ಹಿಡಿದಾಗ ಹಾರ್ಮೋನು ಒಮ್ಮೆಲೇ ಚಿಮ್ಮಬೇಕಿತ್ತಲ್ಲ, ಆ ಚಿಮ್ಮುವಿಕೆ ಅವುಗಳಲ್ಲಿ ಮಂಕಾಗಿತ್ತು. ಸದಾ ಗಂಟೆ ಬಾರಿಸುತ್ತಲೇ ಇದ್ದ ಊರಿನಲ್ಲಿ ಬೆಂಕಿ ಬಿದ್ದ ದಿನದ ಗಂಟೆಗೆ ಯಾರೂ ಓಡಿಬಾರದಂತೆ, ಅವುಗಳ ದೇಹ ನಿಜವಾದ ತುರ್ತಿಗೆ ಎದ್ದು ನಿಲ್ಲುವ ಶಕ್ತಿಯನ್ನೇ ಕಳೆದುಕೊಳ್ಳುತ್ತಿತ್ತು. ಅದೇ ವರ್ಷದ ಇನ್ನೊಂದು ಅಧ್ಯಯನ, ಹಕ್ಕಿಯ ದೇಹದಲ್ಲಿನ ಇಂಗಾಲದ ಐಸೊಟೋಪುಗಳ, ಅಂದರೆ ತೂಕದಲ್ಲಿ ಮಾತ್ರ ಬೇರೆಯಾದ ಇಂಗಾಲದ ಪರಮಾಣುಗಳ, ಜಾಡು ಹಿಡಿದು, ಒಣ ನೆಲೆಯಲ್ಲಿ ಚಳಿಗಾಲ ಕಳೆದವು ಉತ್ತರದ ಕಾಡಿಗೆ ತಡವಾಗಿ, ಸೊರಗಿ ತಲುಪುತ್ತವೆ ಎಂದು ತೋರಿಸಿತು. ಇಷ್ಟಾದ ಮೇಲೆ 2013ರಲ್ಲಿ ಬಂದದ್ದು ಟೆಲೊಮಿಯರ್‌ನ ಲೆಕ್ಕ. ಒಂದು ವರ್ಷದ ಅಂತರದಲ್ಲಿ ಕಳಪೆ ನೆಲೆಯ ಗಂಡು ಹಕ್ಕಿಗಳ ಟೆಲೊಮಿಯರ್ ಹೆಚ್ಚು ಕಿರಿದಾಗಿತ್ತು. ಕಿರಿದಾದ ಟೆಲೊಮಿಯರ್‌ನ ಹಕ್ಕಿಗಳು ಮುಂದಿನ ಚಳಿಗಾಲಕ್ಕೆ ಜಮೈಕಾಕ್ಕೆ ಮರಳಿದ್ದೂ ಕಡಿಮೆ.

ಆ ಅಧ್ಯಯನದ ಸಾರವನ್ನು ಓದಿದ ರಾತ್ರಿ ನನಗೆ ಮಾಗಡಿಯ ಕೆರೆಯೇ ಕಣ್ಣ ಮುಂದಿತ್ತು. ಪಯಣ ಹಕ್ಕಿಯನ್ನು ದಣಿಸುತ್ತದೆ ಎಂಬುದರಲ್ಲಿ ಸಂಶಯವಿಲ್ಲ, ಆ ದಣಿವಿನ ಲೆಕ್ಕವನ್ನು ಅದರ ದೇಹ ಮೊದಲೇ ಇಟ್ಟಿರುತ್ತದೆ. ದಣಿವನ್ನು ಕಳೆದುಕೊಳ್ಳಬೇಕಾದ ಜಾಗದಲ್ಲಿಯೇ ದಣಿವು ಮುಂದುವರಿದಾಗ, ಆ ಲೆಕ್ಕದಲ್ಲಿ ಎಂದೂ ಇಲ್ಲದ ಖರ್ಚು ಸೇರಿಕೊಳ್ಳುತ್ತದೆ. ಇದೇ ಮಾತನ್ನು ಸ್ವೀಡನ್ನಿನ ದೊಡ್ಡ ಜೊಂಡು ಉಲಿಯಕ್ಕಿಗಳೂ ಬೇರೆ ರೀತಿಯಲ್ಲಿ ಹೇಳುತ್ತವೆ. ಕ್ವಿಸ್ಮಾರೆನ್ ಕೆರೆಯಲ್ಲಿ ದಶಕಗಳ ಕಾಲ ನಡೆದ ಅಧ್ಯಯನದ ಫಲವಾಗಿ 2015ರಲ್ಲಿ ತಿಳಿದುಬಂದದ್ದು ಇದು: ಈ ಹಕ್ಕಿಗಳಿಗೆ ಚಳಿಗಾಲದ ಆಫ್ರಿಕದಲ್ಲಿ ಮಲೇರಿಯ ತಗಲುತ್ತದೆ, ಮೊದಲ ಜ್ವರ ಕಳೆದ ಮೇಲೆ ಹೊರಗೆ ಯಾವ ಲಕ್ಷಣವೂ ಉಳಿಯುವುದಿಲ್ಲ, ಹಾಡುತ್ತವೆ, ಗೂಡು ಕಟ್ಟುತ್ತವೆ. ಆದರೆ ಒಳಗೆ ಸಣ್ಣ ಪ್ರಮಾಣದಲ್ಲಿ ಉಳಿದ ಸೋಂಕು ವರ್ಷ ವರ್ಷವೂ ಟೆಲೊಮಿಯರ್ ಅನ್ನು ಬೇಗ ಕಿರಿದಾಗಿಸುತ್ತದೆ, ಅಂಥ ಹಕ್ಕಿಗಳು ಕಡಿಮೆ ಮರಿ ಮಾಡಿ ಬೇಗ ಸಾಯುತ್ತವೆ.

ಈಗ ನಮ್ಮ ಕೆರೆಗೆ ಬರುತ್ತೇನೆ. ಅದೇ ಜನವರಿಯ ಇನ್ನೊಂದು ಭಾನುವಾರ, ಬೆಳಗ್ಗೆ ಒಂಬತ್ತರ ಸುಮಾರಿಗೆ, ರಾತ್ರಿಯೆಲ್ಲ ಹೊಲಗಳಲ್ಲಿ ಮೇದು ಬಂದ ಹೆಬ್ಬಾತುಗಳು ನೀರಿನ ಅಂಚಿನಲ್ಲಿ ಕುತ್ತಿಗೆಯನ್ನು ಬೆನ್ನಿನ ಗರಿಗಳೊಳಗೆ ತೂರಿಸಿ, ಒಂದು ಕಾಲಿನ ಮೇಲೆ ನಿಂತು ನಿದ್ದೆಯಲ್ಲಿದ್ದವು. ಕಾರಿನಲ್ಲಿ ಬಂದ ನಾಲ್ಕೈದು ಜನ ಏರಿಯ ಮೇಲೆ ಡ್ರೋನ್ ಹಾರಿಸಿದರು. ಅದು ನೀರಿನ ಮೇಲೆ ಬರುವ ಮುಂಚೆಯೇ ಹಿಂಡಿನ ಅಂಚಿನ ಹಕ್ಕಿಗಳ ಕುತ್ತಿಗೆಗಳು ಒಂದೊಂದಾಗಿ ಮೇಲೆದ್ದು ಕೋಲಿನಂತೆ ನೆಟ್ಟಗಾದವು. ದೂರದರ್ಶಕದಲ್ಲಿ ನನ್ನ ಕಣ್ಣಿಗೆ ಹತ್ತಿರವಿದ್ದ ಒಂದು ಹಕ್ಕಿ ಎತ್ತಿದ ಕಾಲನ್ನು ಕೆಳಗಿಟ್ಟು, ತಲೆಯನ್ನು ಪಕ್ಕಕ್ಕೆ ವಾಲಿಸಿ ಒಂದೇ ಕಣ್ಣಿನಿಂದ ಆಕಾಶ ನೋಡಿತು. ಮರುಕ್ಷಣ ಇಡೀ ಹಿಂಡು ಎದ್ದಿತು. ನಾನು ಗಡಿಯಾರ ನೋಡಿಕೊಂಡೆ. ಅವು ಮತ್ತೆ ನೀರಿಗಿಳಿಯಲು ಹದಿನಾಲ್ಕು ನಿಮಿಷ ಬೇಕಾಯಿತು. ಇಳಿದ ಮೇಲೂ ಬಹಳ ಹೊತ್ತು ಒಂದೂ ತಲೆ ಗರಿಯೊಳಗೆ ಹೋಗಲಿಲ್ಲ. ಆ ಜನರ ಬಳಿ ಹೋಗಿ ವಿನಂತಿ ಮಾಡಿಕೊಂಡೆ. ಅವರು ಕೆಟ್ಟವರೇನಲ್ಲ. "ಹಕ್ಕಿಗೇನಾಯ್ತು ಸರ್, ಹಾರಿದ್ವು, ಮತ್ತೆ ಕೂತ್ವು" ಎಂದರು.

ಏನಾಯಿತು ಎಂಬುದಕ್ಕೆ ಅಂದು ನನ್ನ ಬಳಿ ಉತ್ತರವಿರಲಿಲ್ಲ, ಇಂದು ಇದೆ. ಆಸ್ಟ್ರಿಯದ ಗ್ರ್ಯೂನಾವ್ ಕಣಿವೆಯಲ್ಲಿ, ದೇಹದೊಳಗೆ ಅಳತೆಯ ಉಪಕರಣವಿದ್ದ ಬೂದು ಹೆಬ್ಬಾತುಗಳ ಹೃದಯಬಡಿತವನ್ನು ಹೊಸವರ್ಷದ ರಾತ್ರಿ ನೋಡಿದಾಗ, ಪಟಾಕಿ ಸಿಡಿದ ಮೊದಲ ಗಂಟೆಯಲ್ಲಿ ಬಡಿತ ಶೇಕಡಾ 96ರಷ್ಟು, ಅಂದರೆ ಹೆಚ್ಚುಕಡಿಮೆ ಎರಡು ಪಟ್ಟು ಏರಿತ್ತು, ಮೈಬಿಸಿಯೂ ಏರಿತ್ತು. ಅವು ಮನುಷ್ಯರ ನಡುವೆಯೇ ಬೆಳೆದು ಪಳಗಿದ ಹಿಂಡಿನವು. ಮಂಗೋಲಿಯದ ಬಯಲಿನಿಂದ ಬಂದ ಹಕ್ಕಿಗೆ ತಲೆಯ ಮೇಲೆ ಗುಂಯ್‌ಗುಡುವ ವಸ್ತು ಗಿಡುಗನಲ್ಲದೆ ಬೇರೇನೂ ಆಗಿರಲು ಸಾಧ್ಯವಿಲ್ಲ. ಒಂದು ಸಲದ ಹದಿನಾಲ್ಕು ನಿಮಿಷ ಯಾವ ಹಕ್ಕಿಯನ್ನೂ ಮುದಿಯಾಗಿಸುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಭಾನುವಾರದ ಡ್ರೋನ್, ಸೋಮವಾರದ ನಾಯಿಗಳು, ಸೆಲ್ಫಿಗಾಗಿ ನೀರಿನೊಳಗೆ ಇಳಿಯುವ ಹುಡುಗರು, ಜಾತ್ರೆಯ ಪಟಾಕಿ, ಇವೆಲ್ಲ ಸೇರಿ ನಾಲ್ಕು ತಿಂಗಳ ಚಳಿಗಾಲವನ್ನು ಜಮೈಕಾದ ಆ ಕುರುಚಲಿನಂತೆ ಮಾಡಬಲ್ಲವು. ಹುಳು ತಿನ್ನುವ ಹಕ್ಕಿಗೆ ಹುಳುವಿನ ಕೊರತೆ ಮಾಡಿದ ಕೆಲಸವನ್ನು, ಹೊಲ ಮೇಯುವ ಹಕ್ಕಿಗೆ ನಿದ್ದೆಯ ಕೊರತೆ ಮಾಡಬಹುದು ಎಂಬುದು ನನ್ನ ತರ್ಕ. ಅದನ್ನು ತರ್ಕವೆಂದೇ ಹೇಳುತ್ತಿದ್ದೇನೆ, ಆದರೆ ಬಹಳ ಯೋಚಿಸಿದ ಮೇಲೆ ಹೇಳುತ್ತಿದ್ದೇನೆ.

ಎಳೆತನದ ಮಾತೊಂದನ್ನು ಇಲ್ಲಿ ಸೇರಿಸಬೇಕು. ನ್ಯೂಕ್ಯಾಸಲ್‌ನ ಸಂಶೋಧಕರು ಸ್ಟಾರ್ಲಿಂಗ್ ಮರಿಗಳನ್ನು ತಮಗಿಂತ ದೊಡ್ಡ ಮರಿಗಳಿರುವ ಗೂಡಿಗೆ ಬದಲಾಯಿಸಿ ನೋಡಿದಾಗ, ಗುಟುಕಿಗಾಗಿ ಸೆಣಸಬೇಕಾದ ಆ ಸಣ್ಣ ಮರಿಗಳ ಟೆಲೊಮಿಯರ್ ಕೆಲವೇ ದಿನಗಳಲ್ಲಿ ಹೆಚ್ಚು ಸವೆದಿತ್ತು. ಸ್ವೀಡನ್ನಿನಲ್ಲಿ ನಗರದ ಗೂಡಿನಲ್ಲಿ ಬೆಳೆದ ಗ್ರೇಟ್ ಟಿಟ್ ಮರಿಗಳ ಟೆಲೊಮಿಯರ್ ಹಳ್ಳಿಗಾಡಿನಲ್ಲಿ ಬೆಳೆದ ಒಡಹುಟ್ಟಿದವುಗಳದ್ದಕ್ಕಿಂತ ಕಿರಿದಾಗಿತ್ತು. ನಮ್ಮ ಕೆರೆಗೆ ಮೊದಲ ಸಲ ಬರುವ ಹೆಬ್ಬಾತುಗಳು ಅದೇ ಬೇಸಿಗೆಯಲ್ಲಿ ಹುಟ್ಟಿದವು, ಅವುಗಳ ತಲೆಯ ಮೇಲೆ ಎರಡು ಪಟ್ಟೆಗಳೂ ಸರಿಯಾಗಿ ಮೂಡಿರುವುದಿಲ್ಲ, ತಲೆಯ ಹಿಂಬದಿ ಮಬ್ಬಾಗಿ ಕಂದಾಗಿರುತ್ತದೆ. ತಂದೆತಾಯಿಯ ಬೆನ್ನಿಗೇ ಅಂಟಿಕೊಂಡು ಓಡಾಡುವ ಇಂಥ ಮರಿಗಳನ್ನು ಕಂಡಾಗಲೆಲ್ಲ, ಅವುಗಳ ಪಾಲಿಗೆ ಈ ಮೊದಲ ಚಳಿಗಾಲ ಉಳಿದವುಗಳಿಗಿಂತ ದುಬಾರಿಯಾಗಿರಬಹುದು ಎನಿಸುತ್ತದೆ.

ಮಾರ್ಚ್ ಮೊದಲ ವಾರದಲ್ಲಿ ಅಜ್ಜ ಮತ್ತೆ ಸಿಕ್ಕರು. ಕೆರೆಯಲ್ಲಿ ಇನ್ನೂರರಷ್ಟು ಹಕ್ಕಿಗಳು ಮಾತ್ರ ಉಳಿದಿದ್ದವು. ನಾನು ಓದಿದ್ದನ್ನು ಬಂದಷ್ಟು ಸರಳವಾಗಿ ಹೇಳಿದೆ: ಹಾರುವುದರಿಂದ ದಣಿಯುತ್ತವೆ, ಆದರೆ ಅದಕ್ಕೆಂದೇ ಅವುಗಳ ಮೈ ತಯಾರಾಗಿದೆ, ಇಳಿದ ಊರಿನಲ್ಲಿ ಹೊಟ್ಟೆ ತುಂಬ ಮೇವು, ಕಣ್ತುಂಬ ನಿದ್ದೆ ಸಿಗದಿದ್ದರೆ ಮುಪ್ಪು ಬೇಗ ಬರುತ್ತದೆ ಎಂದೆ. ಅಜ್ಜ ಪೂರ್ತಿ ಕೇಳಿಸಿಕೊಂಡರು.

"ಹಂಗಾರ ಗೋವಾಕ್ಕ ಹೋದಾವರದೂ ಅದ ಕಥಿ. ದುಡದದ್ದಕ್ಕಲ್ಲ, ಮಲಗಾಕ ಜಾಗಾ ಇಲ್ಲದ್ದಕ್ಕ" ಎಂದರು. ಸ್ವಲ್ಪ ತಡೆದು, "ಮೇವಂದ್ರಲ್ಲ ಮಾಸ್ತರ, ಅದು ನನ್ನ ಗೋದಿ. ರಾತ್ರಿ ಡಬ್ಬಿ ಬಡದು ಓಡಸಾಂವ ನಾನ. ನಾ ಓಡಸಿದ್ರ ಅವಕ್ಕ ಮುಪ್ಪು, ಓಡಸಲಿಲ್ಲಂದ್ರ ನನಗ. ಇದಕ್ಕೇನ್ ಹೇಳ್ತೀರಿ?"

ಹೊರಡುವ ಮುಂಚಿನ ವಾರಗಳಲ್ಲಿಯೇ ಹೆಬ್ಬಾತು ಕೊಬ್ಬು ಕೂಡಿಹಾಕಬೇಕಾದದ್ದು. ಎಳೆಯ ಗೋದಿಯ ಹಸಿರು ಅದಕ್ಕೆ ಬೇಕಾದ ಮೇವೇ. ನಾವಿಬ್ಬರೂ ಆಮೇಲೆ ಅವರ ಹೊಲಕ್ಕೆ ಹೋಗಿ, ಮೇದ ಸಾಲುಗಳನ್ನು ಹೆಜ್ಜೆ ಹಾಕಿ ಅಳೆದೆವು. ಕೆರೆಯ ದಿಕ್ಕಿನ ಅಂಚಿನಲ್ಲಿ ನಲವತ್ತೆರಡು ಸಾಲು ಬುಡದವರೆಗೆ ಕತ್ತರಿಸಿದಂತಿತ್ತು, ಮಣ್ಣಿನ ಮೇಲೆ ಬೆರಳುದ್ದದ ಹಸಿರು ಹಿಕ್ಕೆಗಳು ಬಿದ್ದಿದ್ದವು. ಆ ಸಾಲುಗಳ ಲೆಕ್ಕವನ್ನು, ಅಕ್ಕಪಕ್ಕದ ಹನ್ನೊಂದು ಹೊಲಗಳ ಲೆಕ್ಕದ ಜೊತೆ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇವೆ. ಬರುವ ನವೆಂಬರಿನಿಂದ ಪ್ರತಿ ವಾರ ಹಕ್ಕಿಗಳನ್ನೂ ಸಾಲುಗಳನ್ನೂ ಒಟ್ಟಿಗೆ ಎಣಿಸಿ, ಅದನ್ನು ಅರಣ್ಯ ಇಲಾಖೆಯವರ ಮುಂದೆ ಇಬ್ಬರೂ ಸೇರಿಯೇ ಇಡಬೇಕೆಂದು ಮಾತಾಗಿದೆ. ಸಾಲು ಎಣಿಸುವುದು ಅಜ್ಜನ ಪಾಲಿಗೆ ಬಂದಿದೆ.